ಒಳಗೆ ಬಿಟ್ಟ ಬಟ್ಟೆ

ನಮ್ಮ ಅಂಗಡಿಯಲ್ಲಿ ಹೊಲಿಸಿದ ಯಾವ ಬಟ್ಟೆಯನ್ನಾದರೂ ತಿರುವಿ ಹಾಕಿ ನೋಡಿ, ಹೊಲಿಗೆಯ ಪಕ್ಕದಲ್ಲಿ ಎರಡು ಬೆರಳಗಲದ ಬಟ್ಟೆ ಮಡಚಿಕೊಂಡು ತೆಪ್ಪಗೆ ಕೂತಿರುತ್ತದೆ. ಬೇರೆ ಟೈಲರುಗಳು ಅಷ್ಟು ಬಿಡುವುದಿಲ್ಲ. ಮಿಕ್ಕ ಬಟ್ಟೆಯಲ್ಲಿ ಮಗುವಿಗೊಂದು ಟೋಪಿಯೋ, ದಿಂಬಿಗೊಂದು ಕವರೋ ಮಾಡಿಕೊಳ್ಳುತ್ತಾರೆ. ನನ್ನ ಅತ್ತಿಗೆ ಮಾತ್ರ ಟೇಪನ್ನು ಕೊರಳಿಗೆ ಹಾಕಿಕೊಂಡು ಗಿರಾಕಿಯ ಮುಖಕ್ಕೇ ಹೇಳುತ್ತಾಳೆ: "ಇವತ್ತು ನಿಮ್ಮ ಅಳತೆ ಇಷ್ಟಿದೆ. ನಾಳೆನೂ ಇಷ್ಟೇ ಇರುತ್ತೆ ಅಂತ ಬರೆದುಕೊಡ್ತೀರಾ? ಒಳಗೆ ಬಟ್ಟೆ ಬಿಟ್ಟಿರ್ತೀನಿ. ಹೊಟ್ಟೆ ಬಂದಾಗ ಬನ್ನಿ, ಬಿಚ್ಚಿ ಕೊಡ್ತೀನಿ."

ಜನ ಬರುತ್ತಾರೆ ಕೂಡ. ಶಾಲೆಯ ಮಕ್ಕಳಿಗೆ ತುತ್ತೂರಿ ಊದಲು ಕಲಿಸುವ ಬ್ಯಾಂಡ್ ಮೇಷ್ಟ್ರು ಒಬ್ಬರಿದ್ದಾರೆ. ಪ್ರತಿ ವರ್ಷ ಅದೇ ಕೋಟು ಹಿಡಿದುಕೊಂಡು, ಬಾಗಿಲಲ್ಲೇ ಹಲ್ಲು ಕಿರಿಯುತ್ತಾ ನಿಲ್ಲುತ್ತಾರೆ. ಅತ್ತಿಗೆ ಒಂದು ಮಾತೂ ಆಡದೆ ಹೊಲಿಗೆ ಬಿಚ್ಚಿ ಕೋಟನ್ನು ಒಂದಿಷ್ಟು ಅಗಲ ಮಾಡಿ ಕೊಡುತ್ತಾಳೆ. ಅವರು ಹೋದ ಮೇಲೆ ಮಾತ್ರ ನನ್ನ ಕಡೆ ತಿರುಗಿ ಕೆನ್ನೆ ಉಬ್ಬಿಸಿ ತೋರಿಸುತ್ತಾಳೆ.

ಅವಳ ಇನ್ನೊಂದು ನಿಯಮವನ್ನು ಗೋಡೆಯ ಮೇಲೆ ಬೋರ್ಡು ಬರೆಸಿ ಹಾಕಿದ್ದಾಳೆ: ಕತ್ತರಿ ಬಿದ್ದ ಮೇಲೆ ಮನಸ್ಸು ಬದಲಾಯಿಸುವಂತಿಲ್ಲ. ಒಬ್ಬ ಗಿರಾಕಿ ಸೂಟಿಗೆ ಅಳತೆ ಕೊಟ್ಟು, ಬಟ್ಟೆ ಕತ್ತರಿಸಿದ ಮೇಲೆ ಬೇಡವೆಂದು ತಲೆ ತಪ್ಪಿಸಿಕೊಂಡು ಓಡಾಡುತ್ತಿದ್ದ. ಅತ್ತಿಗೆ ಸೂಟನ್ನು ಹೊಲಿದು ಮುಗಿಸಿ, ಇಸ್ತ್ರಿ ಹಾಕಿ, ಅವನ ಆಫೀಸಿಗೇ ಹೋಗಿ, ಸಹೋದ್ಯೋಗಿಗಳೆಲ್ಲ ನೋಡುತ್ತಿದ್ದಂತೆ ತೊಡಿಸಿ ಬಂದಳು. ಅವನ ಅಳತೆಗೆ ಕತ್ತರಿಸಿದ್ದನ್ನು ಬೇರೆ ಯಾರು ಹಾಕಿಕೊಳ್ಳಬೇಕು ಅನ್ನುವುದು ಅವಳ ಪ್ರಶ್ನೆ.

ನಾನು ಅವಳ ನಾದಿನಿ. ಅವಳು ನಮ್ಮ ಮನೆಗೆ ಬಂದಾಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಬಂದ ವಾರವೇ ನನ್ನ ಯೂನಿಫಾರಂ ಬಿಚ್ಚಿ, ಉದ್ದ ಮಾಡಿ ಹೊಲಿದುಕೊಟ್ಟಳು. ಆಮೇಲೆ ನಾನು ಅವಳ ಪಕ್ಕದ ಮಿಷನ್ನು ಬಿಟ್ಟು ಎದ್ದೇ ಇಲ್ಲ. ಮದುವೆಯಾಗಲಿಲ್ಲ. ಯಾಕೆ ಅಂತ ಯಾರಾದರೂ ಮೂಗು ತೂರಿಸಿದರೆ, "ಅವಳ ಬಾಯಿಗೆ ಹೆದರದ ಗಂಡು ಇನ್ನೂ ಹುಟ್ಟಿಲ್ಲ" ಅಂತ ಅತ್ತಿಗೆಯೇ ಉತ್ತರ ಕೊಡುತ್ತಾಳೆ. ನನಗೆ ಮೂಗಿನ ತುದಿಯಲ್ಲೇ ಕೋಪ, ಒಪ್ಪಿಕೊಳ್ಳುತ್ತೇನೆ. ಆದರೆ ನಾನೀಗ ಹೇಳಹೊರಟಿರುವ ವಿಷಯದಲ್ಲಿ ಕೋಪ ಬರದಿದ್ದರೆ ನಾನು ಮನುಷ್ಯಳೇ ಅಲ್ಲ.

ಕೆಲವು ವರ್ಷಗಳ ಹಿಂದೆ ಅತ್ತಿಗೆಯ ಎಡಗಣ್ಣಿನೊಳಗೆ ಗಡ್ಡೆ ಕಾಣಿಸಿಕೊಂಡಿತು. ಕ್ಯಾನ್ಸರ್. ಕಣ್ಣನ್ನೇ ತೆಗೆಯಬೇಕಾಯಿತು. ಬದಲಿ ಕಣ್ಣು ಮಾಡುವವನ ಹತ್ತಿರ ಹೋಗುವಾಗ ಅವಳು ಚೀಲದಲ್ಲಿ ಕಂದು ಬಣ್ಣದ ನಾಲ್ಕಾರು ದಾರದ ಉಂಡೆಗಳನ್ನು ತುಂಬಿಕೊಂಡಿದ್ದಳು. ಅವನು ಬಣ್ಣ ಹಚ್ಚುತ್ತಾ ಕೂತರೆ ಇವಳು ಒಂದೊಂದೇ ಉಂಡೆಯನ್ನು ಒಳ್ಳೆ ಕಣ್ಣಿನ ಪಕ್ಕ ಹಿಡಿದು, "ಇದು ನೋಡಿ, ಇದು. ನೀವು ಹಚ್ತಿರೋದು ಚಹಾದ ಬಣ್ಣ, ನನ್ನದು ಕಾಫಿ" ಅಂದಳಂತೆ. ಆ ಪುಣ್ಯಾತ್ಮ ತುಟಿ ಪಿಟಕ್ಕೆನ್ನದೆ ಅಳಿಸಿ ಮತ್ತೆ ಹಚ್ಚಿದ. ಈಗ ಯಾವ ಕಣ್ಣು ಯಾವುದು ಅಂತ ಗಿರಾಕಿಗಳಿಗೆ ಗೊತ್ತಾಗುವುದಿಲ್ಲ. ಬಾಕಿ ಕೇಳುವಾಗ ಮಾತ್ರ ಅವಳು ಬದಲಿ ಕಣ್ಣಿನ ಕಡೆಯಿಂದಲೇ ನೋಡುತ್ತಾಳೆ. ಅದು ರೆಪ್ಪೆ ಬಡಿಯುವುದು ಕಡಿಮೆಯಂತೆ, ಜನ ಬೇಗ ಕೊಡುತ್ತಾರಂತೆ.

ಆ ಕಣ್ಣಿನ ಕಾಯಿಲೆಗೆ ಲಿವರ್ ಅಂದರೆ ಬಲು ಇಷ್ಟ, ವರ್ಷಗಟ್ಟಲೆ ಆದ ಮೇಲೂ ಅಲ್ಲಿಗೆ ಹೋಗಿ ಕೂರಬಹುದು ಅಂತ ಡಾಕ್ಟರು ಮೊದಲೇ ಹೇಳಿದ್ದರು. ಅದಕ್ಕೇ ತಪ್ಪದೆ ಸ್ಕ್ಯಾನ್ ಮಾಡಿಸುತ್ತಿದ್ದೆವು. ಪ್ರತಿ ಸಲ ಏನೂ ಇಲ್ಲ ಅನ್ನುತ್ತಿದ್ದರು. ಕಳೆದ ಚಳಿಗಾಲದ ಸ್ಕ್ಯಾನಿನಲ್ಲಿ ಇತ್ತು. ಒಂದಲ್ಲ, ಲಿವರಿನ ಉದ್ದಗಲಕ್ಕೂ ಚುಕ್ಕೆ ಚುಕ್ಕೆಯಾಗಿ. ಕತ್ತರಿಸಿ ತೆಗೆಯುವ ಹಾಗಿಲ್ಲ ಅಂದರು. ಅತ್ತಿಗೆ ಆ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, "ಪ್ರಿಂಟು ಚೆನ್ನಾಗಿಲ್ಲ" ಅಂದಳು.

ನಮ್ಮನ್ನು ಇನ್ನೊಬ್ಬ ಡಾಕ್ಟರ ಹತ್ತಿರ ಕಳಿಸಿದರು. ಎತ್ತರದ, ತೆಳ್ಳನೆಯ, ಚಿಕ್ಕ ವಯಸ್ಸಿನವರು. ಪ್ಯಾಂಟು ಉದ್ದವಾಗಿ ಹಿಮ್ಮಡಿಯ ಕೆಳಗೆ ನೆಲ ಗುಡಿಸುತ್ತಿತ್ತು. ಅತ್ತಿಗೆಯ ಒಂದು ಕಣ್ಣು ಕೂತಲ್ಲಿಂದ ನೇರ ಅಲ್ಲಿಗೇ ಹೋದದ್ದನ್ನು ನಾನು ಕಂಡೆ. ಅಣ್ಣನೂ ಬಂದಿದ್ದ. ಅಣ್ಣ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕಲಿಯುವವರ ಪಕ್ಕ ಕೂತು ತನ್ನ ಕಡೆಯ ಬ್ರೇಕು ಒತ್ತಿ ಒತ್ತಿ ಅದೇ ಅಭ್ಯಾಸವಾಗಿ, ಈಗ ಎಲ್ಲಿ ಕೂತರೂ ಗಾಬರಿಯಾದ ಕೂಡಲೇ ಬಲಗಾಲು ನೆಲವನ್ನು ಒತ್ತುತ್ತದೆ. ಡಾಕ್ಟರು ಮಾತಾಡಿದಷ್ಟು ಹೊತ್ತೂ ಅವನ ಕಾಲು ಮೇಲೆದ್ದಿದ್ದೇ ಇಲ್ಲ.

"ಲಿವರಿಗೆ ರಕ್ತ ಎರಡು ದಾರಿಯಲ್ಲಿ ಬರುತ್ತೆ" ಅಂದರು ಡಾಕ್ಟರು. "ಆರೋಗ್ಯವಾಗಿರೋ ಭಾಗ ಹೆಚ್ಚಾಗಿ ಒಂದು ದಾರಿಯಿಂದ ಉಣ್ಣುತ್ತೆ, ಗಡ್ಡೆಗಳು ಇನ್ನೊಂದರಿಂದ. ನಾವು ಗಡ್ಡೆಗಳು ಉಣ್ಣೋ ದಾರಿಯಲ್ಲಿ ಸಣ್ಣ ಗಾಜಿನ ಮಣಿಗಳನ್ನ ಬಿಡ್ತೀವಿ. ಕೂದಲೆಳೆಗಿಂತ ಸಣ್ಣವು. ಒಂದೊಂದರಲ್ಲೂ ವಿಕಿರಣ ಇರುತ್ತೆ. ಹೋಗಿ ಗಡ್ಡೆಯೊಳಗೆ ಸಿಕ್ಕಿಹಾಕಿಕೊಂಡು ಅಲ್ಲೇ ಸುಡ್ತವೆ. ಸುತ್ತಮುತ್ತ ಹೆಚ್ಚು ದೂರ ಅದರ ಶಾಖ ಹೋಗಲ್ಲ."

"ಮಣಿ ಕೆಲಸ ಅನ್ನಿ" ಅಂದಳು ಅತ್ತಿಗೆ. "ಕೈಯಲ್ಲಿ ಹಾಕೋದೋ, ಮಿಷನ್ನಲ್ಲೋ?"

"ಕೈಯಲ್ಲೇ."

"ಹಾಗಾದ್ರೆ ಪರವಾಗಿಲ್ಲ. ಮಿಷನ್ನಿನ ಮಣಿ ಕೆಲಸ ಎರಡೇ ಒಗೆತಕ್ಕೆ ಉದುರುತ್ತೆ."

ಅಂದಿನಿಂದ ಅವರು ನಮ್ಮ ಬಾಯಲ್ಲಿ ಮಣಿ ಡಾಕ್ಟರಾದರು. ಕಾಯಿಲೆ ವಾಸಿಯಾಗುತ್ತದೆಯೇ ಅಂತ ನಾನು ಕೇಳಿದೆ. ಅವರು ಅಡ್ಡಗೋಡೆಯ ಮೇಲೆ ದೀಪ ಇಡುವ ಪೈಕಿ ಅಲ್ಲ. "ಪೂರ್ತಿ ಹೋಗುತ್ತೆ ಅಂತ ಹೇಳಲಾರೆ. ಹಿಡಿದು ನಿಲ್ಲಿಸಬಹುದು. ಕೆಲವರಿಗೆ ಕುಗ್ಗುತ್ತೆ, ಕೆಲವರಿಗೆ ಏನೂ ಆಗಲ್ಲ. ಸುಮ್ಮನೆ ಬಿಟ್ಟರೆ ಮಾತ್ರ ಬೆಳೆಯುತ್ತೆ" ಅಂದರು. ನೇರವಾಗಿ ಮಣಿ ಬಿಡುವುದಿಲ್ಲವಂತೆ. ಮೊದಲು ವಿಕಿರಣದ ಜೋರಿಲ್ಲದ ಬೇರೆ ಕಣಗಳನ್ನು ಅದೇ ದಾರಿಯಲ್ಲಿ ಬಿಟ್ಟು, ಅವು ಲಿವರಿನಲ್ಲೇ ನಿಲ್ಲುತ್ತವೋ ಅಥವಾ ದಾರಿ ತಪ್ಪಿ ಶ್ವಾಸಕೋಶಕ್ಕೋ ಹೊಟ್ಟೆಗೋ ನುಗ್ಗುತ್ತವೋ ಅಂತ ನೋಡುತ್ತಾರಂತೆ. ನುಗ್ಗಿದರೆ ಈ ಚಿಕಿತ್ಸೆಯೇ ಇಲ್ಲ.

"ಟ್ರಯಲ್" ಅಂದಳು ಅತ್ತಿಗೆ. "ಅದು ಸರಿ. ಟ್ರಯಲ್ ನೋಡದೆ ಯಾರೂ ಪಕ್ಕಾ ಹೊಲಿಗೆ ಹಾಕಬಾರದು."

ಟ್ರಯಲ್ಲಿಗೆ ಒಪ್ಪಿದಳು. ಚಿಕಿತ್ಸೆಗೆ ಒಪ್ಪಿದ್ದಾಳೆ ಅಂತಲೇ ನಾವು ತಿಳಿದೆವು. ತಪ್ಪು ಅಲ್ಲೇ ಆದದ್ದು.

ಟ್ರಯಲ್ ದಿನ ಅವಳಿಗೆ ಆಸ್ಪತ್ರೆಯ ನಿಲುವಂಗಿ ಕೊಟ್ಟರು. ಬೆನ್ನಿನ ಕಡೆ ದಾರ, ಮುಂದೆ ಅಳತೆಗೆ ಗೊತ್ತುಗುರಿಯಿಲ್ಲ, ಅದರೊಳಗೆ ಅವಳಂಥವರು ಮೂವರು ಹಿಡಿಯಬಹುದಿತ್ತು. ಬಟ್ಟೆ ಬದಲಾಯಿಸುವ ಕೋಣೆಯಿಂದ ಅವಳು ಹೊರಬಂದಾಗ ನಾನು ಬೆರಗಾದೆ. ನಿಲುವಂಗಿ ಮೈಗೆ ಹೇಳಿ ಮಾಡಿಸಿದಂತೆ ಕೂತಿತ್ತು. ನಡ ಸಣ್ಣಗೆ ಹಿಡಿದು, ಭುಜ ಸರಿಯಾಗಿ ಇಳಿದು, ನೋಡಲು ಲಕ್ಷಣವಾಗಿತ್ತು. ಗಾಲಿ ಮಂಚದ ಮೇಲೆ ಒಳಗೆ ಹೋಗುವಾಗ ಪಕ್ಕದ ಮಂಚದ ಹೆಂಗಸು ಅವಳನ್ನೇ ನೋಡುತ್ತಿದ್ದಳು. ಅತ್ತಿಗೆ ಅವಳಿಗೆ ನಮ್ಮ ಅಂಗಡಿ ಇರುವ ಬೀದಿಯ ಗುರುತು ಹೇಳಿದಳು.

ನಾನೂ ಅಣ್ಣನೂ ಹೊರಗೆ ಕೂತೆವು. ಸ್ವಲ್ಪ ಹೊತ್ತಿಗೆ ಒಳಗೆ ಓಡಾಟ ಶುರುವಾಯಿತು. ಒಬ್ಬ ನರ್ಸು ಬಾಗಿಲು ತೆರೆದು, "ಇವರಿಗೆ ಮುಂಚೆ ಹೊಟ್ಟೆಯ ಆಪರೇಶನ್ ಏನಾದ್ರೂ ಆಗಿತ್ತಾ? ಒಳಗೆ ಕ್ಲಿಪ್ಪು, ತಂತಿ ಏನಾದ್ರೂ ಹಾಕಿದ್ರಾ?" ಅಂದರು. ಇಲ್ಲ ಅಂದೆ. ಅವರ ಮುಖ ಇನ್ನಷ್ಟು ಗಂಭೀರವಾಯಿತು. "ಲಿವರ್ ಇರೋ ಜಾಗದಲ್ಲೇ ಸೂಜಿ ಥರ ನಾಲ್ಕು ಗೆರೆ ಕಾಣಿಸ್ತಿದೆ" ಅಂದರು. ಅಣ್ಣ ಬ್ರೇಕು ಒತ್ತಿದ ರಭಸಕ್ಕೆ ಬೆಂಚು ಒಂದಿಷ್ಟು ಹಿಂದೆ ಸರಿಯಿತು.

ಆಮೇಲೆ ನನ್ನ ತಲೆಗೆ ಹೊಳೆಯಿತು. ಸೂಜಿ ಥರ.

"ಗುಂಡುಸೂಜಿ!" ಅಂತ ಕೂಗಿದೆ. "ನಿಲುವಂಗಿ! ಅವಳು ನಿಲುವಂಗಿಗೆ ಪಿನ್ನು ಹಾಕಿಕೊಂಡಿದ್ದಾಳೆ!"

ನಿಜವಾಗಿಯೂ ಹಾಗೇ ಆಗಿತ್ತು. ನಡದ ಹತ್ತಿರ ಮಡಿಕೆ ಹಿಡಿದು, ಅವಳು ಯಾವತ್ತೂ ರವಿಕೆಯಂಚಿನಲ್ಲಿ ಸಿಕ್ಕಿಸಿಕೊಂಡಿರುವ ಗುಂಡುಸೂಜಿಗಳನ್ನು ಹೊರಗೆ ಕಾಣದಂತೆ ಒಳಗಡೆಯಿಂದ ಚುಚ್ಚಿದ್ದಳು. ಮೈಮೇಲೆ ಲೋಹ ಏನಾದರೂ ಇದೆಯಾ ಅಂತ ಅವರು ಕೇಳಿದ್ದರು. ಓಲೆ, ಉಂಗುರ ಎಲ್ಲ ತೆಗೆದುಕೊಟ್ಟಿದ್ದಳು. ಪಿನ್ನು ಅವಳ ಲೆಕ್ಕದಲ್ಲಿ ಲೋಹವಲ್ಲ, ಬಟ್ಟೆಯ ಭಾಗ. ಒಳಗಿಂದ ಯಾರೋ ಜೋರಾಗಿ ನಕ್ಕದ್ದು ಕೇಳಿಸಿತು. ಮಣಿ ಡಾಕ್ಟರು ಪಿನ್ನುಗಳನ್ನು ಒಂದು ತಟ್ಟೆಗೆ ಹಾಕಿಸುತ್ತಿದ್ದರೆ, ಮಲಗಿದ್ದಲ್ಲಿಂದಲೇ ಇವಳು, "ಎಸೀಬೇಡಿ ಡಾಕ್ಟ್ರೇ. ನಿಮ್ಮ ಪ್ಯಾಂಟಿಗೆ ಬೇಕಾಗುತ್ತೆ" ಅಂದಳಂತೆ.

ಟ್ರಯಲ್ ಚೆನ್ನಾಗಿ ಬಂತು. ಬಿಟ್ಟ ಕಣಗಳು ಲಿವರಿನಲ್ಲೇ ನಿಂತವು, ಬೇರೆಲ್ಲೂ ಸೋರಲಿಲ್ಲ. ಮಣಿಗಳನ್ನು ದೂರದಿಂದ ತರಿಸಬೇಕು, ದಿನ ಗೊತ್ತುಮಾಡಿ ತಿಳಿಸುತ್ತೇವೆ ಅಂದರು. ಅಣ್ಣ ವಾಪಸ್ಸು ಬರುವಾಗ ಕಾರಿನಲ್ಲಿ ಹಾಡು ಗುನುಗಿದ. ನಾನು ಮನೆಗೆ ಬಂದು ಸಂತೋಷಕ್ಕೆ ಅಂಗಡಿಯನ್ನೆಲ್ಲ ಗುಡಿಸಿದೆ.

ಗುಡಿಸುವಾಗಲೇ ಆ ಕೋಟು ಸಿಕ್ಕಿತು.

ಅತ್ತಿಗೆಗೆ ಒಂದು ಉದ್ದನೆಯ ಉಣ್ಣೆ ಕೋಟು ಹೊಲಿದುಕೊಳ್ಳಬೇಕು ಅಂತ ಬಹಳ ಕಾಲದ ಆಸೆ. ಊರಿನವರಿಗೆಲ್ಲ ಹೊಲಿದಳು, ತನಗೆ ಪುರುಸೊತ್ತಾಗಲಿಲ್ಲ. ಸ್ಕ್ಯಾನಿನ ಸುದ್ದಿ ಬಂದ ಮೇಲೆ ಬೂದು ಬಣ್ಣದ ಒಳ್ಳೆ ಬಟ್ಟೆ ತಂದಿದ್ದಳು. ನಾನು ಖುಷಿಪಟ್ಟಿದ್ದೆ. ಈಗ ಅದು ಅರ್ಧ ಹೊಲಿದು ಮುಗಿದು, ಇಸ್ತ್ರಿ ಮೇಜಿನ ಹಿಂದಿನ ಮೊಳೆಗೆ ನೇತುಬಿದ್ದಿತ್ತು. ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ನಾನು ಸುಮ್ಮನೆ ಅದರ ಒಳಮೈ ತಿರುವಿ ನೋಡಿದೆ. ಹೊಲಿಗೆಯ ಪಕ್ಕದಲ್ಲಿ ಬಟ್ಟೆ ಇರಲಿಲ್ಲ. ಮಗ್ಗುಲಲ್ಲಿಲ್ಲ, ತೋಳಿನಲ್ಲಿಲ್ಲ, ಕೆಳಗಿನ ಅಂಚಿನಲ್ಲೂ ಇಲ್ಲ. ದಾರ ಬಿಚ್ಚಿಕೊಳ್ಳದಿರಲು ಎಷ್ಟು ಬೇಕೋ ಅಷ್ಟೇ ಬಿಟ್ಟು, ಮಿಕ್ಕದ್ದನ್ನೆಲ್ಲ ಕತ್ತರಿಸಿ ಹಾಕಿದ್ದಳು.

ಅಪರಿಚಿತ ಗಿರಾಕಿಗೂ ಹತ್ತು ವರ್ಷ ಮುಂದಿನ ಹೊಟ್ಟೆಗೆ ಜಾಗ ಬಿಡುವವಳು ತನಗೆ ಒಂದು ಬೆರಳೂ ಬಿಟ್ಟುಕೊಂಡಿರಲಿಲ್ಲ.

ಕೋಟು ಹಿಡಿದು ನೇರ ಅವಳ ಮುಂದೆ ಹೋಗಿ ನಿಂತೆ. "ಇದೇನು?"

"ಕೋಟು."

"ಒಳಗೆ ಬಟ್ಟೆ ಎಲ್ಲಿ?"

"ಸಾಲಲಿಲ್ಲ."

"ಸುಳ್ಳು ಹೇಳ್ಬೇಡ ಅತ್ತಿಗೆ. ಕತ್ತರಿಸಿ ಹಾಕಿದ ತುಂಡೆಲ್ಲ ಬುಟ್ಟಿಯಲ್ಲಿದೆ, ಈಗ ತಾನೇ ಗುಡಿಸಿದೆ."

ಅವಳು ಮಿಷನ್ನಿನ ಚಕ್ರದ ಮೇಲೆ ಕೈ ಇಟ್ಟು ನಿಲ್ಲಿಸಿದಳು. ಆಮೇಲೆ ಕಡ್ಡಿ ಮುರಿದ ಹಾಗೆ ಹೇಳಿದಳು. "ನಾನು ಮಣಿ ಹಾಕಿಸಿಕೊಳ್ಳಲ್ಲ ಕಣೇ. ಟ್ರಯಲ್ ನೋಡಿದ್ದಾಯ್ತು, ಸಾಕು."

ನಾನು ಕೂಗಾಡಿದೆ. ಏನೇನು ಅಂದೆನೋ ನೆನಪಿಲ್ಲ, ಬೀದಿಯ ಆಚೆ ಬದಿಯ ಚಪ್ಪಲಿ ಅಂಗಡಿಯವರು ಇಣುಕಿ ನೋಡಿದ್ದು ಮಾತ್ರ ನೆನಪಿದೆ. ಅತ್ತಿಗೆ ನಾನು ಸುಸ್ತಾಗುವ ತನಕ ಕಾದಳು.

"ಕಣ್ಣು ತೆಗೆದಾಗಲೂ ಇಷ್ಟಕ್ಕೆ ಮುಗೀತು ಅಂದುಕೊಂಡಿದ್ವಿ. ಮುಗೀತಾ?" ಅಂದಳು. "ಬಿಚ್ಚಿ ಹೊಲಿದು, ಬಿಚ್ಚಿ ಹೊಲಿದು ಮಾಡಿದ ಬಟ್ಟೆ ಏನಾಗುತ್ತೆ ನಿಂಗೇ ಗೊತ್ತು. ಅವರು ಗ್ಯಾರಂಟಿನೂ ಕೊಡಲ್ಲ. ನಂಗೆ ಭಯ ಆಗುತ್ತೆ ಕಣೇ. ಎಲ್ಲ ಮಾಡಿಸಿಕೊಂಡು, ಆಸೆ ಇಟ್ಟುಕೊಂಡು, ಮತ್ತೆ ಅವರು ತಲೆ ಅಲ್ಲಾಡಿಸೋದನ್ನ ನೋಡೋಕೆ ನನ್ನ ಕೈಲಿ ಆಗಲ್ಲ. ಹೀಗೇ ಎಷ್ಟು ದಿನವೋ ಅಷ್ಟು ದಿನ, ಚೆಂದದ ಕೋಟು ಹಾಕ್ಕೊಂಡು ಓಡಾಡ್ತೀನಿ."

ಅವಳು ಯಾವತ್ತೂ ಭಯ ಅನ್ನುವ ಮಾತು ಆಡಿದವಳಲ್ಲ. ನನ್ನ ಕೋಪವೆಲ್ಲ ಇಳಿದುಹೋಗಿ ಅಲ್ಲೇ ಕತ್ತರಿಸುವ ಮೇಜಿಗೆ ಒರಗಿ ಅತ್ತೆ. ಅವಳೂ ಅತ್ತಳು. ನೀರು ಎರಡೂ ಕಣ್ಣಿಂದ ಬಂತು. ಅಣ್ಣನಿಗೆ ಹೇಳಿದರೆ ಅವನು ಮೊದಲು ನನ್ನ ಮಾತಿಗೆ ಹೌದು ಅಂದ, ಆಮೇಲೆ ಅವಳ ಮಾತಿಗೂ ಹೌದು ಅಂದ. ಅವನು ಯಾವತ್ತೂ ಹಾಗೇ. ಆಸ್ಪತ್ರೆಗೆ ಫೋನು ಮಾಡಿ ಬೇಡವೆಂದು ಹೇಳುವ ಕೆಲಸವನ್ನು ಮಾತ್ರ ಮೂವರೂ ಒಬ್ಬರ ಮೇಲೊಬ್ಬರು ಹಾಕಿಕೊಂಡು ದಿನ ತಳ್ಳಿದೆವು.

ಕೊನೆಗೆ ಆಸ್ಪತ್ರೆಯಿಂದಲೇ ಫೋನು ಬಂತು. ಮಧ್ಯಾಹ್ನದ ಹೊತ್ತು, ಅಂಗಡಿಯಲ್ಲಿ ನಾವಿಬ್ಬರೇ. ಅದೇ ನರ್ಸು. ನಾನು ಅತ್ತಿಗೆಗೂ ಕೇಳಿಸಲಿ ಅಂತ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ.

"ನಿಮ್ಮ ಡೋಸು ಹೊರಟಿದೆ. ನಾಡಿದ್ದು ಬೆಳಿಗ್ಗೆ ಬಂದುಬಿಡಿ. ಪಿನ್ನು ತರಬೇಡಿ" ಅಂದರು ನಗುತ್ತಾ.

ಅತ್ತಿಗೆ ಫೋನಿನ ಹತ್ತಿರ ಬಗ್ಗಿದಳು. "ಅಲ್ಲಮ್ಮ, ನಂಗೆ ಬೇಡ ಅಂತ ಇದೆ. ಅದನ್ನ ಬೇರೆ ಯಾರಿಗಾದ್ರೂ ಕೊಟ್ಟುಬಿಡಿ, ಪಾಪ, ಕಾಯ್ತಿರ್ತಾರೆ."

ನರ್ಸು ನಗು ನಿಲ್ಲಿಸಿದರು. "ಬೇರೆಯವರಿಗೆ ಕೊಡೋಕೆ ಬರಲ್ಲ. ನಿಮ್ಮ ಲಿವರ್ ಎಷ್ಟು ದೊಡ್ಡದು, ಗಡ್ಡೆ ಎಷ್ಟಿವೆ, ಟ್ರಯಲ್ಲಿನಲ್ಲಿ ಹೇಗೆ ಹೋಯ್ತು, ಎಲ್ಲ ಲೆಕ್ಕ ಹಾಕಿ ನಿಮಗೆ ಅಂತಲೇ ಮಾಡಿಸಿರೋದು. ದಿನ ಕಳೆದಂತೆ ಅದರ ಶಕ್ತಿ ಇಳಿಯುತ್ತೆ, ಇಟ್ಟುಕೊಳ್ಳೋಕೂ ಆಗಲ್ಲ. ನೀವು ಬರ್ಲಿಲ್ಲ ಅಂದ್ರೆ ಹಾಳು. ಆದ್ರೂ ನಿಮಗೆ ಬೇಡವೇ ಬೇಡ ಅಂದ್ರೆ ಬಲವಂತ ಇಲ್ಲ, ಡಾಕ್ಟ್ರ ಹತ್ತಿರ ಮಾತಾಡಿ."

"ಏನಂದ್ರಿ? ನನ್ನ ಅಳತೆಗಾ?"

"ಹೌದು, ನಿಮ್ಮ ಅಳತೆಗೇ."

"ಕತ್ತರಿಸಿಬಿಟ್ಟಿದ್ದೀರಾ?"

"ಏನು?"

"ಅಂದ್ರೆ, ಮಾಡಿ ಆಗಿಹೋಗಿದೆಯಾ? ನನ್ನ ಅಳತೆಗೆ?"

"ಆಗಿ, ಹೊರಟೂ ಆಯ್ತು."

ನಾನು ಒಂದೇ ಒಂದು ಮಾತಾಡಲಿಲ್ಲ. ನನ್ನ ಬದುಕಿನಲ್ಲಿ ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡದ್ದು ಅದೇ ಮೊದಲು. ಧೂಳು ಒರೆಸುವ ಬಟ್ಟೆ ತೆಗೆದುಕೊಂಡು, ಸ್ಟೂಲು ಹತ್ತಿ, ಗೋಡೆಯ ಮೇಲಿನ ಬೋರ್ಡನ್ನು ಒರೆಸಲು ಶುರುಮಾಡಿದೆ. ಕತ್ತರಿ ಅನ್ನುವಲ್ಲಿಂದ ಹಿಡಿದು ಬದಲಾಯಿಸುವಂತಿಲ್ಲ ಅನ್ನುವ ತನಕ, ಒಂದೊಂದು ಅಕ್ಷರವನ್ನೂ ತಿಕ್ಕಿ ತಿಕ್ಕಿ ಒರೆಸಿದೆ.

ಅತ್ತಿಗೆ ಬೋರ್ಡು ನೋಡಿದಳು. ನನ್ನನ್ನು ಕೆಕ್ಕರಿಸಿ ನೋಡಿದಳು. ಮತ್ತೆ ಬೋರ್ಡು ನೋಡಿದಳು. ಆಫೀಸಿಗೆ ಸೂಟು ಹೊತ್ತುಕೊಂಡು ಹೋದವಳು ಅವಳೇ ತಾನೇ. ಮುಖ ಊದಿಸಿಕೊಂಡು ಫೋನಿಗೆ ಹೇಳಿದಳು, "ಬರ್ತೀನಿ ಬಿಡಿ. ಕೇಳದೆ ಕತ್ತರಿಸಿದ್ದು ಮಾತ್ರ ನಿಮ್ಮ ತಪ್ಪು." ಆಮೇಲೆ ನನಗೆ, "ಇಳಿಯೇ ಕೆಳಗೆ. ಬಣ್ಣ ಕಿತ್ತುಹೋಗುತ್ತೆ" ಅಂದಳು.

ಚಿಕಿತ್ಸೆಯ ದಿನ ಆ ನರ್ಸು ಬಾಗಿಲಲ್ಲೇ ಅಡ್ಡ ನಿಂತು "ಪಿನ್ನು?" ಅಂದರು. ಅತ್ತಿಗೆ ಎರಡು ಕೈ ಎತ್ತಿ, ಸುತ್ತ ತಿರುಗಿ ತೋರಿಸಿದಳು. ನಿಲುವಂಗಿ ಡೇರೆಯ ಹಾಗೆ ತೂಗುತ್ತಿತ್ತು, ಅವಳ ಮುಖದಲ್ಲಿ ಅದರ ಸಂಕಟ ಎದ್ದು ಕಾಣುತ್ತಿತ್ತು. ನನ್ನ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದಳು.

ಒಳಗೆ ನಡೆದದ್ದನ್ನು ಅವಳೇ ಆಮೇಲೆ ಹೇಳಿದಳು. ತೊಡೆಯ ಸಂದಿಯಲ್ಲಿ ಸಣ್ಣಗೆ ಚುಚ್ಚಿ ದಾರದಂಥ ನಳಿಕೆಯನ್ನು ಲಿವರಿನ ತನಕ ಏರಿಸಿದರಂತೆ. ಅರೆನಿದ್ರೆಯಲ್ಲಿ ಪರದೆಯ ಮೇಲೆ ಅದು ಹತ್ತುವುದು ಕಂಡಿತಂತೆ. ಆಮೇಲೆ ದಪ್ಪ ಪೆಟ್ಟಿಗೆಯೊಂದನ್ನು ತಂದರಂತೆ, ಅದರೊಳಗೊಂದು ಡಬ್ಬಿ, ಅದರೊಳಗೊಂದು ಪುಟ್ಟ ಶೀಸೆ. "ಶೀಸೆ ತೋರಿಸಿ ಅಂದೆ. ತೋರಿಸಿದ್ರು. ನೀರು ತುಂಬಿಟ್ಟ ಹಾಗಿತ್ತು ಕಣೇ, ಅಡಿಯಲ್ಲಿ ಒಂಚೂರು ಮಂಕು. ಇಷ್ಟಕ್ಕೆ ಅಷ್ಟು ದೊಡ್ಡ ಪೆಟ್ಟಿಗೆ! ಗುಂಡಿಗೆ ಒಂದು ಕಾಜಾ ಹೊಲಿಯೋಷ್ಟರಲ್ಲಿ ಮುಗಿದುಹೋಯ್ತು" ಅಂದಳು.

ಮನೆಗೆ ಕಳಿಸುವಾಗ ಕೆಲವು ದಿನ ಚಿಕ್ಕ ಮಕ್ಕಳಿಂದ, ಬಸುರಿಯರಿಂದ ದೂರ ಇರಿ, ಬೇರೆಯವರಿಗೂ ತೀರ ಅಂಟಿಕೊಂಡು ಕೂರಬೇಡಿ ಅಂದರು. ಅತ್ತಿಗೆ ಯಾವುದನ್ನೂ ಅರ್ಧಕ್ಕೆ ಬಿಡುವವಳಲ್ಲ, ಇಡೀ ಊರಿನಿಂದ ದೂರ ಸರಿದಳು. ಅಣ್ಣನನ್ನು ಸೋಫಾಕ್ಕೆ ಓಡಿಸಿದಳು. ಮೊದಲೆರಡು ದಿನ ಸುಸ್ತು, ಹೊಟ್ಟೆನೋವು, ಊಟ ಸೇರಲಿಲ್ಲ. ನಾನು ತಟ್ಟೆಯನ್ನು ಬಾಗಿಲ ಹತ್ತಿರ ಇಟ್ಟು ಹಿಂದೆ ಸರಿದರೆ, "ಏನೇ, ಹುಲಿಗೆ ಹಾಕ್ತಿದೀಯಾ?" ಅಂತ ಕ್ಷೀಣ ದನಿಯಲ್ಲಿ ಕೇಳುತ್ತಿದ್ದಳು. ತಮಾಷೆ ಮಾಡುವಷ್ಟು ಜೀವ ಇದೆಯಲ್ಲ ಅಂತ ನಾನು ಅಡುಗೆಮನೆಗೆ ಹೋಗಿ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಅದಾದ ಮೇಲೆ ಸುಮ್ಮನೆ ಮಲಗುವುದು ಅವಳಿಂದಾಗಲಿಲ್ಲ. ಮಹಡಿಯ ಮನೆಯಿಂದ ಕೆಳಗಿಳಿದು ಬಂದು ಅಂಗಡಿಯ ಆ ತುದಿಯಲ್ಲಿ, ಇಸ್ತ್ರಿ ಮೇಜಿನ ಪಕ್ಕ ಕುರ್ಚಿ ಹಾಕಿಸಿಕೊಂಡು, ಅಲ್ಲಿಂದಲೇ ನನ್ನ ತಲೆ ತಿನ್ನಲು ಶುರುಮಾಡಿದಳು. ಆಗಲೇ ಬ್ಯಾಂಡ್ ಮೇಷ್ಟ್ರು ಬಂದದ್ದು. ಹಳೆಯ ಕೋಟಿನಲ್ಲಿ ಬಿಚ್ಚಲು ಇನ್ನೇನೂ ಉಳಿದಿರಲಿಲ್ಲ, ಹೊಸದು ಬೇಕಿತ್ತು. ನಾನು ಟೇಪು ತೆಗೆದೆ.

"ಟೇಪು ಬೇಡ" ಅಂತ ಆ ತುದಿಯಿಂದ ಕೂಗು. "ಅವರ ಅಳತೆ ನನಗೆ ಬಾಯಿಪಾಠ. ಮೇಷ್ಟ್ರೇ, ಪಕ್ಕಕ್ಕೆ ತಿರುಗಿ. ಉಸಿರು ಬಿಡಿ. ಹಿಡ್ಕೋಬೇಡಿ, ಬಿಡಿ!"

ಒಂದೇ ಕಣ್ಣಿನಲ್ಲಿ ದೂರದಿಂದ ನೋಡಿ ಅವಳು ಹೇಳಿದ ಅಳತೆಯನ್ನೆಲ್ಲ ನಾನು ಬರೆದುಕೊಂಡೆ. ಒಂದು ಕಣ್ಣಿಗೆ ದೂರ ಹತ್ತಿರ ಸರಿಯಾಗಿ ತಿಳಿಯುವುದಿಲ್ಲ ಅನ್ನುವುದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದರೆ ಅಷ್ಟು ದಿನದ ಮೇಲೆ ಅವಳ ಮುಖದಲ್ಲಿ ಆ ಜೋರು ಕಂಡಿದ್ದೆ, ಟೇಪು ಹಿಡಿಯುವ ಮನಸ್ಸಾಗಲಿಲ್ಲ. ಟ್ರಯಲ್ಲಿಗೆ ಬಂದಾಗ ಮೇಷ್ಟ್ರಿಗೆ ಕೋಟಿನ ಗುಂಡಿ ಹಾಕಲು ಆಗಲೇ ಇಲ್ಲ. ಎಳೆದು ಎಳೆದು ಅವರ ಮುಖ ತುತ್ತೂರಿ ಊದುವಾಗಿನಷ್ಟೇ ಕೆಂಪಾಯಿತು.

"ನನ್ನ ತಪ್ಪಲ್ಲ. ಅವತ್ತು ನೀವು ನಿಂತಿದ್ದು ದೂರದಲ್ಲಿ" ಅಂದಳು ಅತ್ತಿಗೆ. ಆ ಹೊತ್ತಿಗೆ ಅವಳು ಹತ್ತಿರ ಬರಬಹುದಾಗಿತ್ತು. ಕೋಟು ಬಿಚ್ಚಿಸಿ, ತಿರುವಿ, ಹೊಲಿಗೆ ಬಿಚ್ಚಿ, ಒಳಗೆ ಬಿಟ್ಟಿದ್ದ ಬಟ್ಟೆಯನ್ನು ಹೊರಗೆ ತೆಗೆದಳು. ಮತ್ತೆ ಹೊಲಿದಾಗ ಕೋಟು ಸರಿಯಾಗಿ ಕೂತಿತು. ಮೇಷ್ಟ್ರು ಕನ್ನಡಿಯಲ್ಲಿ ನೋಡಿಕೊಂಡು, "ಬಟ್ಟೆ ಬಿಡ್ತೀರಲ್ಲ, ಅದರಲ್ಲಿ ನನ್ನ ಮರ್ಯಾದೆ ಉಳಿದಿದೆ" ಅಂದರು. ಅವರು ಹೋದ ಮೇಲೆ ಅತ್ತಿಗೆ ಕೆನ್ನೆ ಉಬ್ಬಿಸಲಿಲ್ಲ. ಕತ್ತರಿಸಿ ಬಿದ್ದ ದಾರದ ಚೂರುಗಳನ್ನು ಬೆರಳಲ್ಲಿ ಸುತ್ತುತ್ತಾ ಕೂತಿದ್ದಳು.

ತಿಂಗಳುಗಳು ಉರುಳಿ ಮತ್ತೆ ಸ್ಕ್ಯಾನಿನ ದಿನ ಬಂತು. ಅಣ್ಣನೇ ಕಾರು ಓಡಿಸಿದ. ಈ ಸಲ ನಿಜವಾದ ಬ್ರೇಕು ಅವನ ಕಾಲಿನಡಿಯೇ ಇತ್ತು, ದಾರಿಯುದ್ದಕ್ಕೂ ಅದನ್ನು ಒತ್ತಿದ್ದೇ ಒತ್ತಿದ್ದು, ಹ್ಯಾಂಡಲ್ ಹಿಡಿದು ಹಿಡಿದು ನನ್ನ ಕೈ ಜೋಮು ಹಿಡಿಯಿತು. ಅತ್ತಿಗೆ ಆ ಬೂದು ಕೋಟು ಹಾಕಿಕೊಂಡಿದ್ದಳು. ಅವಳು ಸೊರಗಿದ್ದಳು, ಭುಜದಲ್ಲಿ ಕೋಟು ಸಡಿಲವಾಗಿತ್ತು.

ಮಣಿ ಡಾಕ್ಟರ ಕೋಣೆಗೆ ಹೋದಾಗ ನಾನು ಮೊದಲು ಅವರ ಮುಖ ನೋಡಿದೆ. ಅತ್ತಿಗೆ ಮೊದಲು ಪ್ಯಾಂಟು ನೋಡಿದಳು. ಅದನ್ನು ಅವಳೇ ಗಿಡ್ಡ ಮಾಡಿಕೊಟ್ಟಿದ್ದಳು, ಈಗ ನೆಲ ಗುಡಿಸುತ್ತಿರಲಿಲ್ಲ. ಡಾಕ್ಟರು ಪರದೆಯನ್ನು ನಮ್ಮ ಕಡೆ ತಿರುಗಿಸಿದರು. ಹಿಂದಿನ ಚಿತ್ರ ಒಂದು ಕಡೆ, ಈಗಿನದು ಇನ್ನೊಂದು ಕಡೆ. "ದೊಡ್ಡವು ಕುಗ್ಗಿವೆ" ಅಂದರು. "ಚಿಕ್ಕವು ಇದ್ದಷ್ಟೇ ಇವೆ, ಬೆಳೆದಿಲ್ಲ. ಹೊಸದು ಒಂದೂ ಇಲ್ಲ. ಹೋಗಿಬಿಟ್ಟಿದೆ ಅಂತ ನಾನು ಹೇಳ್ತಿಲ್ಲ. ನೋಡ್ತಾ ಇರಬೇಕು, ಬೇಕಾದ್ರೆ ಮುಂದೆ ಬೇರೆ ಔಷಧಿ ಇದೆ. ಆದ್ರೆ ಇದು ಒಳ್ಳೆ ಸುದ್ದಿ. ನಾನು ನಿರೀಕ್ಷೆ ಮಾಡಿದ್ದಕ್ಕಿಂತ ಒಳ್ಳೆ ಸುದ್ದಿ."

ಅತ್ತಿಗೆ ಎರಡು ಚಿತ್ರಗಳನ್ನೂ ಹತ್ತಿರ ಹೋಗಿ ನೋಡಿದಳು. "ಈ ಪ್ರಿಂಟು ಪರವಾಗಿಲ್ಲ" ಅಂದಳು. ಅಣ್ಣನ ಬಲಗಾಲು ಮೆಲ್ಲಗೆ ನೆಲದಿಂದ ಮೇಲೆದ್ದದ್ದನ್ನು ನಾನು ನೋಡಿದೆ. ನನಗೆ ಅಳು, ನಗು ಎರಡೂ ಒಟ್ಟಿಗೇ ಬಂದು ಬಿಕ್ಕಳಿಕೆ ಶುರುವಾಗಿ, ನರ್ಸು ನೀರು ತಂದುಕೊಡಬೇಕಾಯಿತು.

ಮನೆಗೆ ಬರುವ ದಾರಿಯಲ್ಲಿ ಅತ್ತಿಗೆ ಜವಳಿ ಅಂಗಡಿಯ ಮುಂದೆ ಕಾರು ನಿಲ್ಲಿಸಲು ಹೇಳಿದಳು. ನಮ್ಮನ್ನು ಒಳಗೆ ಬಿಡಲಿಲ್ಲ. ದೊಡ್ಡದೊಂದು ಕಾಗದದ ಪೊಟ್ಟಣ ಹಿಡಿದು ಬಂದು, ಮನೆ ಸೇರುವ ತನಕ ತೊಡೆಯ ಮೇಲೆ ಇಟ್ಟುಕೊಂಡಳು. ಅಂಗಡಿಯ ಬಾಗಿಲು ತೆಗೆದವಳೇ ಮೈಮೇಲಿನ ಬೂದು ಕೋಟು ಬಿಚ್ಚಿ ನನ್ನ ಕೈಗೆ ಎಸೆದಳು.

"ಇದು ನಿಂಗೆ. ನೀನು ಯಾವತ್ತೂ ದಪ್ಪ ಆಗಲ್ಲ. ತಿಂದದ್ದೆಲ್ಲ ಕೋಪಕ್ಕೇ ಖರ್ಚಾಗುತ್ತೆ."

ಪೊಟ್ಟಣದಲ್ಲಿ ಕಡು ಕೆಂಪು ಉಣ್ಣೆಬಟ್ಟೆಯಿತ್ತು. ಬೂದು ಬಣ್ಣದ ಹತ್ತಿರವೂ ಸುಳಿಯದ ಕೆಂಪು. ಮೇಜಿನ ಮೇಲೆ ಹರಡಿ, ಈ ತುದಿಯನ್ನು ನನ್ನ ಕೈಲಿ ಹಿಡಿಸಿ, ಟೇಪು ತೆಗೆದು ತನ್ನ ಅಳತೆಗಳನ್ನು ತಾನೇ ಒಂದೊಂದಾಗಿ ಹೇಳುತ್ತಾ ಸೀಮೆಸುಣ್ಣದಿಂದ ಗೆರೆ ಎಳೆದಳು. ಅದು ಹೊಲಿಗೆಯ ಗೆರೆ. ಅದರಾಚೆಗೆ ಕತ್ತರಿಸುವ ಗೆರೆ ಎಳೆಯಬೇಕು. ಸೀಮೆಸುಣ್ಣ ಒಂದು ಬೆರಳು ದಾಟಿತು, ಎರಡು ಬೆರಳು ದಾಟಿತು. ಅಲ್ಲಿ ನಿಲ್ಲಲಿಲ್ಲ. ಪೂರ್ತಿ ಅಂಗೈಯನ್ನು ಬಟ್ಟೆಯ ಮೇಲಿಟ್ಟು, ಅದರಾಚೆಗೆ ಗೆರೆ ಎಳೆದಳು.

"ಇದೇನು ಅತ್ತಿಗೆ? ಬ್ಯಾಂಡ್ ಮೇಷ್ಟ್ರಿಗೂ ನೀನು ಇಷ್ಟು ಬಿಡಲ್ಲ" ಅಂದೆ.

"ನಮ್ಮಮ್ಮ ಮುದುಕಿ ಆದ್ಮೇಲೆ ಸಿಕ್ಕಾಪಟ್ಟೆ ದಪ್ಪ ಆದಳು ಕಣೇ" ಅಂದಳು ಅತ್ತಿಗೆ, ಗೆರೆಯ ಮೇಲಿಂದ ತಲೆ ಎತ್ತದೆ. "ನಾನೂ ಹಾಗೇ ಆಗ್ತೀನಿ."

ನಾನು ಬಟ್ಟೆಯ ತುದಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ.

"ಸುಮ್ಮನೆ ನಿಂತಿದೀಯಲ್ಲ. ಕತ್ತರಿ ಕೊಡು" ಅಂದಳು.

ಕೊಟ್ಟೆ.